ರಾರೊಟೊಂಗಾಗೆ ಹೋಗುವುದು ಹೇಗೆ: ಮೊದಲು ತಾರೀಖು ಸರಿಮಾಡಿಕೊಳ್ಳಿ

ರಾರೊಟೊಂಗಾ ವಿಮಾನ ನಿಲ್ದಾಣದ ಹೊರಗಿನ ಕಟ್ಟೆ ಮೇಲೆ ಒಂದು ಕುಟುಂಬ ಕೂತಿತ್ತು. ಕೊರಳಲ್ಲಿ ಹೂವಿನ ಹಾರ, ಕಾಲ ಬಳಿ ಐದು ಸೂಟ್‌ಕೇಸು. ಚಿಕ್ಕ ಮಗು ಹಾರದ ಎಸಳು ಒಂದೊಂದೇ ಕೀಳುತ್ತಿತ್ತು. ಅಪ್ಪ ಫೋನಿನಲ್ಲಿ ಹೇಳಿದ್ದನ್ನೇ ಹೇಳುತ್ತಿದ್ದರು: "ನಮ್ಮ ರೂಮು ಆರನೇ ತಾರೀಖಿನಿಂದ ಇದೆ, ಇವತ್ತೇ ಆರು." ಆ ಕಡೆಯಿಂದ ಅಷ್ಟೇ ತಾಳ್ಮೆಯ ಉತ್ತರ: "ಇವತ್ತು ಐದು." ಶಾಲೆ ರಜೆಯ ಸಮಯ, ದ್ವೀಪದಲ್ಲಿ ರೂಮು ಸಿಗುವುದೇ ಕಷ್ಟ. ಅವರಿಗೆ ಒಂದು ರಾತ್ರಿಗೆ ಜಾಗ ಸಿಗುವಷ್ಟರಲ್ಲಿ ಕತ್ತಲಾಗಿತ್ತು.

ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿರುವ ನಮಗೆ, ರಾರೊಟೊಂಗಾ ಸೇರಿದ ಪೆಸಿಫಿಕ್ ಸಾಗರದ ಕುಕ್ ದ್ವೀಪಗಳು ಹತ್ತಿರದ ಊರಿದ್ದ ಹಾಗೆ. ನಾಲ್ಕು ಗಂಟೆ ಹಾರಾಟ, ಅದೇ ನ್ಯೂಜಿಲೆಂಡ್ ಡಾಲರ್, ಅದೇ ಎಡಗಡೆಯ ರಸ್ತೆ. ಊರಿಂದ ಬಂದ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗುತ್ತೇವೆ. ನಾನು ನಾಲ್ಕು ಸಲ ಹೋಗಿದ್ದೇನೆ. ನಾಲ್ಕೂ ಸಲ ಯಾರೋ ಒಬ್ಬರು ಇದೇ ತಪ್ಪು ಮಾಡಿ ಪರದಾಡಿದ್ದನ್ನು ಕಂಡಿದ್ದೇನೆ. ಅದಕ್ಕೇ ಈ ಲೇಖನ.

ಮೊದಲ ಹೆಜ್ಜೆ: ಕಾಗದಪತ್ರ

ವಾಪಸ್ ಟಿಕೆಟ್ ಮತ್ತು ಉಳಿಯುವ ಜಾಗದ ಬುಕಿಂಗ್ ತೋರಿಸಿದರೆ ಕುಕ್ ದ್ವೀಪಗಳಲ್ಲಿ ಇಳಿದ ಮೇಲೆ 31 ದಿನದ ಪರವಾನಗಿ ಕೊಡುತ್ತಾರೆ. ತೊಡಕಿರುವುದು ದಾರಿಯಲ್ಲಿ. ಭಾರತದಿಂದ ಬರುವವರು ಸಾಮಾನ್ಯವಾಗಿ ಆಕ್ಲೆಂಡ್ ಮೂಲಕವೇ ಹೋಗಬೇಕು, ಹೋಗುವಾಗ ಒಮ್ಮೆ, ಬರುವಾಗ ಇನ್ನೊಮ್ಮೆ. ಹಾಗಾಗಿ ಹಲವು ಸಲ ಪ್ರವೇಶಿಸಬಹುದಾದ ನ್ಯೂಜಿಲೆಂಡ್ ವೀಸಾ ಇಟ್ಟುಕೊಳ್ಳಿ. ಹೊರಡುವ ಮುನ್ನ ನಿಯಮವನ್ನು ಇನ್ನೊಮ್ಮೆ ನೋಡಿಕೊಳ್ಳಿ.

ಎರಡನೇ ಹೆಜ್ಜೆ: ತಿಂಗಳು

ಮೇಯಿಂದ ಅಕ್ಟೋಬರ್. ನವೆಂಬರ್‌ನಿಂದ ಏಪ್ರಿಲ್ ಮಳೆ ಮತ್ತು ಚಂಡಮಾರುತದ ಕಾಲ. ತಿಮಿಂಗಿಲ ನೋಡುವ ಆಸೆಯಿದ್ದರೆ ಜುಲೈ ನಂತರ ಹೋಗಿ.

ಮೂರನೇ ಹೆಜ್ಜೆ: ತಾರೀಖು

ಇಲ್ಲಿ ನಿಧಾನವಾಗಿ ಓದಿ. ಆಕ್ಲೆಂಡ್ ಮತ್ತು ರಾರೊಟೊಂಗಾ ನಡುವೆ ಅಂತರರಾಷ್ಟ್ರೀಯ ದಿನರೇಖೆ ಹಾದುಹೋಗುತ್ತದೆ. ಅದನ್ನು ದಾಟಿ ಪೂರ್ವಕ್ಕೆ ಹೋದರೆ ನೀವು ಹಿಂದಿನ ದಿನಕ್ಕೆ ಇಳಿಯುತ್ತೀರಿ. ಇದು ಎಲ್ಲರಿಗೂ ಶಾಲೆಯಲ್ಲೇ ಗೊತ್ತಾದ ವಿಷಯ, ಆದರೆ ಬುಕಿಂಗ್ ಮಾಡುವಾಗ ಕೈ ತಪ್ಪುತ್ತದೆ. ಯಾಕೆ ಅಂದರೆ ನಾವು ಹೊರಡುವ ತಾರೀಖನ್ನೇ ತಲುಪುವ ತಾರೀಖು ಅಂದುಕೊಂಡು ರೂಮು ಹಿಡಿಯುತ್ತೇವೆ. ಬೆಂಗಳೂರಿಂದ ದೆಹಲಿಗೆ ಹೋಗಿ ಬಂದ ಅಭ್ಯಾಸ.

ಒಂದು ಖಾಲಿ ಹಾಳೆ, ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಮಧ್ಯೆ ಗೆರೆ ಎಳೆಯಿರಿ. ಎಡಕ್ಕೆ ಆಕ್ಲೆಂಡ್, ಬಲಕ್ಕೆ ರಾರೊಟೊಂಗಾ ಅಂತ ಬರೆಯಿರಿ. ಈಗ ಲೆಕ್ಕ. ಏಪ್ರಿಲ್ ಮೊದಲ ವಾರದಿಂದ ಸೆಪ್ಟೆಂಬರ್ ಕೊನೆಯವರೆಗೆ ನ್ಯೂಜಿಲೆಂಡ್ 22 ಗಂಟೆ ಮುಂದೆ. ಉಳಿದ ತಿಂಗಳಲ್ಲಿ ನ್ಯೂಜಿಲೆಂಡ್‌ನಲ್ಲಿ ಬೇಸಿಗೆ ಗಡಿಯಾರ, ಅಂದರೆ ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟಿರುತ್ತಾರೆ, ಆಗ 23 ಗಂಟೆ ಮುಂದೆ. ಸುಲಭವಾಗಿ ನೆನಪಿಡುವುದಾದರೆ, ಚಳಿಗಾಲದಲ್ಲಿ ಒಂದು ದಿನ ಕಳೆದು ಎರಡು ಗಂಟೆ ಕೂಡಿ. ಬೇಸಿಗೆಯಲ್ಲಿ ಒಂದು ದಿನ ಕಳೆದು ಒಂದು ಗಂಟೆ ಕೂಡಿ.

ಜುಲೈ 6, ಶನಿವಾರ ಬೆಳಿಗ್ಗೆ 9ಕ್ಕೆ ಆಕ್ಲೆಂಡ್ ಬಿಟ್ಟಿರಿ ಅಂದುಕೊಳ್ಳಿ. ನಾಲ್ಕು ಗಂಟೆ ಹಾರಾಟ. ಎಡಗಡೆ ಕಂಬದಲ್ಲಿ ಆಗ ಶನಿವಾರ ಮಧ್ಯಾಹ್ನ 1. ಬಲಗಡೆ ಕಂಬದಲ್ಲಿ? ಒಂದು ದಿನ ಕಳೆಯಿರಿ, ಎರಡು ಗಂಟೆ ಕೂಡಿ: ಜುಲೈ 5, ಶುಕ್ರವಾರ ಮಧ್ಯಾಹ್ನ 3. ನಿಮ್ಮ ರೂಮು ಶುರುವಾಗಬೇಕಾದ್ದು ಐದನೇ ತಾರೀಖು, ಆರಲ್ಲ.

ವಾಪಸ್ ಬರುವಾಗ ತಿರುಗುಮುರುಗು. ಜುಲೈ 12, ಶುಕ್ರವಾರ ಸಂಜೆ 4ಕ್ಕೆ ಅಲ್ಲಿಂದ ಹೊರಟರೆ ಆಕ್ಲೆಂಡ್‌ನಲ್ಲಿ ಅಷ್ಟೊತ್ತಿಗೆ ಶನಿವಾರ ಮಧ್ಯಾಹ್ನ 2. ಇಳಿಯುವಾಗ 13ನೇ ತಾರೀಖು, ಶನಿವಾರ ಸಂಜೆ 6. ಇಲ್ಲಿ ಆಗುವ ತಪ್ಪು ರೂಮಿನ ತಪ್ಪಿಗಿಂತ ದುಬಾರಿ. ಊರಿಂದ ಬಂದವರು "ಶುಕ್ರವಾರ ಸಂಜೆ ದ್ವೀಪ ಬಿಟ್ಟು, ಶುಕ್ರವಾರ ರಾತ್ರಿಯ ವಿಮಾನಕ್ಕೆ ಆಕ್ಲೆಂಡ್‌ನಿಂದ ಬೆಂಗಳೂರಿಗೆ" ಅಂತ ಟಿಕೆಟ್ ಮಾಡಿಸಿರುತ್ತಾರೆ. ಆ ವಿಮಾನ ಅವರು ದ್ವೀಪದ ನಿಲ್ದಾಣಕ್ಕೆ ಬರುವ ಮೊದಲೇ ಹಾರಿಹೋಗಿರುತ್ತದೆ. ನನ್ನ ಪರಿಚಯದವರೊಬ್ಬರಿಗೆ ಹೀಗೇ ಆಯಿತು. ಮೂರು ಜನರ ಟಿಕೆಟ್ಟು ಹೋಯಿತು. ಟಿಕೆಟ್ ಮಾಡಿಕೊಟ್ಟ ಏಜೆಂಟ್ "ನೀವೇ ಹೇಳಿದ ತಾರೀಖು" ಅಂದು ಕೈ ತೊಳೆದುಕೊಂಡ. ನನಗೆ ಇವತ್ತಿಗೂ ಅದರ ಸಿಟ್ಟು ಇಳಿದಿಲ್ಲ.

ಟಿಕೆಟ್ಟಿನಲ್ಲಿ ಎಲ್ಲ ಸಮಯವೂ ಆಯಾ ಊರಿನ ಸಮಯವೇ. ಹೊರಡುವುದು ಆಕ್ಲೆಂಡ್ ಗಡಿಯಾರ, ತಲುಪುವುದು ರಾರೊಟೊಂಗಾ ಗಡಿಯಾರ. ತಲುಪುವ ಸಮಯದ ಪಕ್ಕ ಕಡ್ಡಿಯಷ್ಟು ಸಣ್ಣಕ್ಕೆ "-1" ಅಂತ ಇರುತ್ತದೆ. ಫೋನಿನಲ್ಲಿ ಅದು ಕಾಣುವುದೇ ಇಲ್ಲ. ಬುಕಿಂಗನ್ನು ಕಂಪ್ಯೂಟರ್‌ನಲ್ಲಿ ಮಾಡಿ, ಆ ಸಾಲನ್ನು ಪ್ರಿಂಟ್ ತೆಗೆದು ಹಾಳೆಗೆ ಅಂಟಿಸಿ. ವಿಮಾನ ಮತ್ತು ಹೋಟೆಲ್ ಒಟ್ಟಿಗೆ ಕೊಡುವ ಪ್ಯಾಕೇಜ್ ತೆಗೆದುಕೊಂಡರೆ ಈ ತಲೆಬಿಸಿ ಇರುವುದಿಲ್ಲ ಅನ್ನುತ್ತಾರೆ. ಅದರಲ್ಲೂ ತಾರೀಖು ನೀವೇ ಒಮ್ಮೆ ನೋಡಿ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ: ಮಾತ್ರೆ. ನಮ್ಮತ್ತೆ ಬಿಪಿ ಮಾತ್ರೆಗೆ ವಾರದ ಏಳು ಖಾನೆಯ ಡಬ್ಬಿ ಇಟ್ಟುಕೊಂಡಿದ್ದರು. ಆಕ್ಲೆಂಡ್‌ನಲ್ಲಿ ಶನಿವಾರ ಬೆಳಿಗ್ಗೆ ಶನಿವಾರದ ಮಾತ್ರೆ ನುಂಗಿದರು. ಇಳಿದರೆ ಶುಕ್ರವಾರ. ಮಾರನೇ ಬೆಳಿಗ್ಗೆ ಮತ್ತೆ ಶನಿವಾರ ಬಂತು. ಡಬ್ಬಿ ತೆರೆದರು, ಶನಿವಾರದ ಖಾನೆ ಖಾಲಿ. "ನುಂಗಿದ್ದೇನೆ" ಅಂದುಕೊಂಡು ಮುಚ್ಚಿದರು. ರಾತ್ರಿ ತಲೆನೋವು ಅಂದಾಗ ನಮಗೆ ಗೊತ್ತಾಯಿತು. ಹಾಗಾಗಿ ಖಾನೆಗಳ ಮೇಲೆ ವಾರದ ಹೆಸರು ಬೇಡ. ಚೀಟಿ ಅಂಟಿಸಿ 1, 2, 3 ಅಂತ ಬರೆಯಿರಿ. ಮಾತ್ರೆಯನ್ನು ಗಂಟೆ ಲೆಕ್ಕದಲ್ಲಿ ತೆಗೆದುಕೊಳ್ಳಬೇಕು, ವಾರದ ಲೆಕ್ಕದಲ್ಲಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಹೊರಡುವ ಮೊದಲೇ ವೈದ್ಯರನ್ನು ಕೇಳಲೇಬೇಕು. ಅಂದಹಾಗೆ ಅತ್ತೆಗೆ ಶನಿವಾರ ಒಪ್ಪತ್ತು. ಎರಡು ಶನಿವಾರವೂ ಒಪ್ಪತ್ತು ಮಾಡಿದರು.

ಈ ದ್ವೀಪದವರಿಗೂ ಈ ಗೊಂದಲ ಹೊಸದಲ್ಲ. ಮಿಷನರಿಗಳು ತಂದ ದಿನಾಂಕವೇ ಅಲ್ಲಿ ಬಹಳ ಕಾಲ ನಡೆಯಿತು. ಅದು ದಿನರೇಖೆಯ ಪಶ್ಚಿಮ ಕಡೆಯ, ಒಂದು ದಿನ ಮುಂದಿನ ದಿನಾಂಕ. 1899ರ ಕೊನೆಯಲ್ಲಿ ಅದನ್ನು ಸರಿಮಾಡಿದಾಗ ಕ್ರಿಸ್‌ಮಸ್ ಎರಡು ದಿನ ಬಂತು.

ಊರಿಗೆ ಫೋನ್ ಮಾಡುವುದಾದರೆ, ದ್ವೀಪದಲ್ಲಿ ಶುಕ್ರವಾರ ಸಂಜೆ 6 ಆದಾಗ ಬೆಂಗಳೂರಲ್ಲಿ ಶನಿವಾರ ಬೆಳಿಗ್ಗೆ 9.30.

ನಾಲ್ಕನೇ ಹೆಜ್ಜೆ: ಮನೆ, ಚೀಲ, ಬಸ್ಸು

ಅಡುಗೆಮನೆ ಇರುವ ಜಾಗವನ್ನೇ ಹಿಡಿಯಿರಿ. ಹೋಟೆಲ್ ಊಟ ದುಬಾರಿ, ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ. ನಲ್ಲಿ ನೀರನ್ನು ಕುದಿಸಿ ಕುಡಿಯಿರಿ. ಸೊಳ್ಳೆ ಇರುತ್ತದೆ, ಮುಲಾಮು ಒಯ್ಯಿರಿ.

ಚೀಲದಲ್ಲಿ ಚಟ್ನಿಪುಡಿ, ಹಪ್ಪಳ, ಏನೇ ಇರಲಿ, ದೇಶದೊಳಗೆ ಬರುವಾಗ ತುಂಬುವ ಘೋಷಣೆಯಲ್ಲಿ "ಆಹಾರ ಇದೆ" ಅಂತ ಬರೆಯಿರಿ. ವಾಪಸ್ ಬರುವಾಗಲೂ ಅಷ್ಟೇ. ನ್ಯೂಜಿಲೆಂಡ್‌ನಲ್ಲಿ ಹೇಳದೆ ಸಿಕ್ಕಿಬಿದ್ದರೆ ನಿಂತಲ್ಲೇ 400 ಡಾಲರ್ ದಂಡ.

ನೀರಲ್ಲಿ ಮುಖವಿಟ್ಟು ಮೀನು ನೋಡಲು ತೊಡುವ ಸ್ನಾರ್ಕೆಲ್ ಮುಖವಾಡಗಳಲ್ಲಿ ಮುಖ ಪೂರ್ತಿ ಮುಚ್ಚುವಂಥದ್ದು ಅಗ್ಗಕ್ಕೆ ಸಿಗುತ್ತದೆ. ಕೊಳ್ಳಬೇಡಿ. ಬಿಟ್ಟ ಉಸಿರು ಒಳಗೇ ಸುತ್ತುತ್ತದೆ, ಗಾಬರಿಯಾದರೆ ತಟ್ಟನೆ ತೆಗೆಯಲು ಬರುವುದಿಲ್ಲ. ಕಣ್ಣು ಮೂಗು ಮಾತ್ರ ಮುಚ್ಚುವ ಹಳೇ ಬಗೆಯದ್ದೇ ಒಳ್ಳೆಯದು. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆಯಿರಿ. ಬೀಳದೆ ನಿಂತರೆ ಅದು ನಿಮ್ಮ ಅಳತೆ. ಮೀಸೆ ಇರುವವರಿಗೆ ನೀರು ಒಳಬರುತ್ತದೆ. ಮೀಸೆಗೆ ಸ್ವಲ್ಪ ವ್ಯಾಸಲೀನ್ ಹಚ್ಚಿದರೆ ನಿಲ್ಲುತ್ತದೆ. ಸ್ಪ್ರೇ ಸನ್‌ಸ್ಕ್ರೀನ್ ಬೇಡ, ಅರ್ಧ ಗಾಳಿಗೇ ಹೋಗುತ್ತದೆ. ಸತುವಿನ ಬಿಳಿ ಕ್ರೀಮು ತನ್ನಿ. ಅದಕ್ಕಿಂತ ಒಳ್ಳೆಯದು ಉದ್ದ ತೋಳಿನ ಈಜು ಅಂಗಿ.

ಬಸ್ಸು ಎರಡೇ. ದ್ವೀಪದ ಸುತ್ತ ರಸ್ತೆ 32 ಕಿಲೋಮೀಟರ್. ಒಂದು ಬಸ್ಸು ಗಡಿಯಾರದ ಮುಳ್ಳಿನ ದಿಕ್ಕಿಗೆ, ಇನ್ನೊಂದು ಅದರ ಎದುರು ದಿಕ್ಕಿಗೆ. ಕೈ ತೋರಿಸಿದರೆ ನಿಲ್ಲಿಸುತ್ತಾರೆ. ಸ್ಕೂಟರ್ ಓಡಿಸಿ ಗೊತ್ತಿಲ್ಲದವರು ಅಲ್ಲಿ ಕಲಿಯಲು ಹೋಗಬೇಡಿ.

ಐದನೇ ಹೆಜ್ಜೆ: ನೀರಿಗೆ ಇಳಿಯುವುದು

ತಾರೀಖು ತಪ್ಪಿದರೆ ದುಡ್ಡು ಹೋಗುತ್ತದೆ. ಇಲ್ಲಿ ತಪ್ಪಿದರೆ ಜೀವವೇ ಹೋಗುತ್ತದೆ.

ದ್ವೀಪದ ಸುತ್ತ ಹವಳದ ದಂಡೆ. ದಂಡೆ ಮತ್ತು ಮರಳಿನ ನಡುವಿನ ತಿಳಿನೀರೇ ಲಗೂನ್. ಸೊಂಟದವರೆಗೆ ನೀರು, ತಳದ ಮರಳು ಕಾಣುತ್ತದೆ, ಹಳದಿ ಮೀನು ಕಾಲಿನ ಬಳಿಯೇ ಸುಳಿಯುತ್ತದೆ. ಏನಾದೀತು ಅನ್ನಿಸುತ್ತದೆ ಅಲ್ವಾ? ಆದರೆ ದೊಡ್ಡ ಅಲೆಗಳು ದಂಡೆ ಹಾರಿ ಹಗಲೂ ರಾತ್ರಿ ಒಳಗೆ ನೀರು ಸುರಿಯುತ್ತಿರುತ್ತವೆ. ಬಂದ ನೀರು ಹೊರಗೆ ಹೋಗಲೇಬೇಕು. ಅದು ಹೋಗುವುದು ದಂಡೆಯಲ್ಲಿರುವ ಕೆಲವೇ ಕಂಡಿಗಳಿಂದ. ದಕ್ಷಿಣ ತೀರದಲ್ಲಿ ಅವಾವರೋವಾ, ಪಪುವಾ, ರುಟಾಕಿ ಅಂತ ಇವಕ್ಕೆ ಹೆಸರು. ನಮ್ಮ ಕರಾವಳಿಯವರಿಗೆ ಅಳಿವೆಯ ಸೆಳೆತ ಗೊತ್ತಿರುತ್ತದೆ, ಇದೂ ಹಾಗೆಯೇ.

ಮೋಸವಿರುವುದು ನೋಟದಲ್ಲಿ. ದಂಡೆ ಉದ್ದಕ್ಕೂ ಬಿಳಿ ನೊರೆ ಏಳುತ್ತಿರುತ್ತದೆ. ಕಂಡಿ ಇರುವಲ್ಲಿ ಮಾತ್ರ ನೊರೆ ಇಲ್ಲ, ಕಡುನೀಲಿಯ ಒಂದು ಪಟ್ಟಿ ಶಾಂತವಾಗಿ ಕಾಣುತ್ತದೆ. ಅಲ್ಲಿ ಆಳ ಇರುವುದರಿಂದ ಅಲೆ ಒಡೆಯುವುದಿಲ್ಲ, ಅಷ್ಟೇ. ಹೊಸಬರು "ಅಲ್ಲಿ ನೀರು ಸುಮ್ನೆ ಇದೆ" ಅಂತ ನೇರ ಅಲ್ಲಿಗೇ ಹೋಗುತ್ತಾರೆ. ಅವಾವರೋವಾದಲ್ಲಿ ಆಮೆಗಳಿವೆ ಅಂತ ಕೇಳಿ ಹೋಗುವವರೂ ಜಾಸ್ತಿ. ಗೈಡ್ ಇಲ್ಲದೆ ಹೋಗಬೇಡಿ. ಈಜು ಚೆನ್ನಾಗಿ ಬರುತ್ತದೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ.

ನಾನು ಮಾಡುವುದು ಇಷ್ಟು. ಇಳಿಯುವ ಮೊದಲು ಒಣಗಿದ ಎಲೆಯನ್ನೋ ದಾಸವಾಳವನ್ನೋ ನೀರಿಗೆ ಎಸೆಯುತ್ತೇನೆ. ಅದರ ಜೊತೆಗೇ ಮರಳಿನ ಮೇಲೆ ನಡೆಯುತ್ತೇನೆ. ನನ್ನ ನಡಿಗೆಗಿಂತ ಹೂವು ಮುಂದೆ ಹೋದರೆ ಅವತ್ತು ಅಲ್ಲಿ ಈಜು ಇಲ್ಲ. ಹೂವು ಯಾವ ಕಡೆ ಹೋಯಿತೋ ಆ ಕಡೆ ಕಂಡಿ ಇದೆ ಅಂತ ಮಕ್ಕಳಿಗೆ ತೋರಿಸುತ್ತೇನೆ. ದಂಡೆಯಲ್ಲಿ ಅಲೆ ದೊಡ್ಡದಿದ್ದ ದಿನ, ಇಳಿತದ ಹೊತ್ತಿನಲ್ಲಿ ಸೆಳೆತ ಜೋರು. ಅಂಥ ದಿನ ಪಕ್ಕದ ಮನೆಯವರನ್ನು ಕೇಳಿ, ಅವರು ಬೇಡ ಅಂದರೆ ಬೇಡ. ಸೆಳೆತಕ್ಕೆ ಸಿಕ್ಕರೆ ಎದುರು ಈಜಬೇಡಿ. ಅಂಗಾತ ತೇಲಿ, ಕೈ ಎತ್ತಿ ಕೂಗಿ, ಸಾಧ್ಯವಾದರೆ ಪಕ್ಕಕ್ಕೆ ಸರಿಯಿರಿ.

ಕಾಲಿಗೆ ರಬ್ಬರ್ ತಳದ ಬೂಟು ಕಡ್ಡಾಯ. ಕಲ್ಲಿನಂತೆಯೇ ಕಾಣುವ ವಿಷಮುಳ್ಳಿನ ಮೀನು ಅಲ್ಲಿದೆ. ಹವಳದ ಮೇಲೆ ನಿಲ್ಲಬೇಡಿ, ಅದು ಜೀವ. ಮೊದಲ ಸಲದವರು ಮುರಿ ಎಂಬಲ್ಲಿ ಶುರುಮಾಡಿ. ಎದುರಿಗೆ ನಾಲ್ಕು ಪುಟ್ಟ ನಡುಗಡ್ಡೆಗಳಿವೆ, ನೀರು ಇಳಿದಾಗ ನಡೆದೇ ಹೋಗಬಹುದು. ಉತ್ತರಕ್ಕಿರುವ ಅವಾನಾ ಕಂಡಿಯ ಕಡೆ ಮಾತ್ರ ಸರಿಯಬೇಡಿ. ಹಿಂದೆ ನ್ಯೂಜಿಲೆಂಡ್‌ನ ಮೂಲನಿವಾಸಿಗಳಾದ ಮಾವೊರಿಗಳ ಏಳು ದೋಣಿಗಳು ನ್ಯೂಜಿಲೆಂಡ್‌ಗೆ ಹೊರಟಿದ್ದು ಅಲ್ಲಿಂದಲೇ ಅನ್ನುತ್ತಾರೆ. ದಡದಲ್ಲಿ ನಿಂತು ನೋಡಿ.

ಆರನೇ ಹೆಜ್ಜೆ: ಶನಿವಾರ ಸಂತೆ, ಭಾನುವಾರ ಚರ್ಚು

ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಶನಿವಾರ ಬೆಳಿಗ್ಗೆಯೇ ದ್ವೀಪದ ಮುಖ್ಯ ಪಟ್ಟಣ ಅವರುವಾದಲ್ಲಿರುವ ಪುನಂಗಾ ನುಯಿ ಸಂತೆಗೆ ಹೋಗಿ. ಅಲ್ಲಿ ನಮ್ಮ ಮಲೆನಾಡು, ಕರಾವಳಿಯವರಿಗೆ ಮನೆಗೆ ಬಂದ ಹಾಗಾಗುತ್ತದೆ. ಕೆಸು, ಮರಗೆಣಸು, ಎಳನೀರು, ಜೀಗುಜ್ಜೆ. ಜೀಗುಜ್ಜೆಗೆ ಅವರು ಕುರು ಅನ್ನುತ್ತಾರೆ. ಕೆಸುವಿನ ಎಲೆಯನ್ನು ತೆಂಗಿನಹಾಲಿನಲ್ಲಿ ಬೇಯಿಸಿದ್ದು ರುಕಾವು. ಕಡುಹಸಿರು, ಬೆಣ್ಣೆಯಂತೆ ಮೆದು. ಪತ್ರೊಡೆ ಮಾಡುವ ನಮ್ಮತ್ತೆ ಒಂದು ಚಮಚ ಬಾಯಿಗಿಟ್ಟು, "ಹುಣಸೆಹಣ್ಣು ಹಾಕದೆ ತುರಿಕೆ ಹೇಗೆ ತೆಗೆದರು?" ಅಂತ ಮಾರುವ ಹೆಂಗಸನ್ನೇ ಕೇಳಿದರು. ಬಹಳ ಹೊತ್ತು ಬೇಯಿಸುವುದೇ ಗುಟ್ಟು ಅಂತ ಉತ್ತರ ಬಂತು. ಕೆಲವರು ಮಾಂಸ ಸೇರಿಸುತ್ತಾರೆ, ಕೇಳಿಯೇ ತಿನ್ನಿ. ಬೆಲೆ ಚೌಕಾಸಿ ಅಲ್ಲಿ ರೂಢಿಯಲ್ಲ. "ಕಿಯಾ ಒರಾನಾ" ಅಂದರೆ ನಮಸ್ಕಾರ. ಶಬ್ದಾರ್ಥ ನೂರ್ಕಾಲ ಬಾಳು ಅನ್ನುವಂಥದ್ದು.

ಭಾನುವಾರ ಚರ್ಚಿಗೆ ಹೋಗಿ, ಯಾವ ಧರ್ಮದವರಾದರೂ ಸರಿ. ಭುಜ ಮುಚ್ಚುವ ಬಟ್ಟೆ ಇರಲಿ. ತೆಂಗಿನ ಎಳೆ ಗರಿಯಿಂದ ಹೆಣೆದ ಬಿಳಿ ಟೋಪಿ ತೊಟ್ಟ ಹೆಂಗಸರು ವಾದ್ಯವಿಲ್ಲದೆ ಹಾಡಲು ಶುರುಮಾಡಿದರೆ ಕೂತ ಬೆಂಚು ನಡುಗುತ್ತದೆ. ಇಲ್ಲಿಗೆ 1823ರಲ್ಲಿ ಬಂದದ್ದು ಲಂಡನ್ ಮಿಷನ್. ಬಳ್ಳಾರಿಯಲ್ಲಿ ಕೂತು ಬೈಬಲನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್ ಕೂಡ ಅದೇ ಮಿಷನ್‌ನವರು.

ಕೊನೆಗೆ, ಹೊರಡುವ ದಿನ

ಬೂಟಿನ ತಳಕ್ಕೆ ಅಂಟಿದ ಮಣ್ಣು ತೊಳೆಯಿರಿ. ಹೂವಿನ ಹಾರವನ್ನು ಅಲ್ಲೇ ಬಿಡಿ. ಹೊರಡುವವರಿಗೆ ಚಿಪ್ಪಿನ ಹಾರ ಹಾಕುವ ಪದ್ಧತಿ ಇದೆ. ಅದನ್ನು ಆಕ್ಲೆಂಡ್‌ನಲ್ಲಿ ಘೋಷಣೆಯಲ್ಲಿ ಬರೆದು ತೋರಿಸಿ. ಎರಡು ಕಂಬದ ಹಾಳೆಯನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ. ವಿಮಾನ ಶುಕ್ರವಾರ ಸಂಜೆ ಏರುತ್ತದೆ, ಇಳಿಯುವಾಗ ಶನಿವಾರ ಸಂಜೆ. ಕರೆದುಕೊಂಡು ಹೋಗಲು ಬರುವವರಿಗೆ ಎಡಗಡೆ ಕಂಬದ ತಾರೀಖನ್ನೇ ಹೇಳಿ.