ಬದನೆಕಾಯಿ ಹಾಗೆ ಎಣ್ಣೆ ಕುಡಿಯುವ ನಾರು, ಮತ್ತು ನನ್ನ ಮೂರು ಲಕ್ಷ

ಮೊನ್ನೆ ಪೀಣ್ಯದ ಗೆಳೆಯ ಬಂದಿದ್ದ. ಒಂದು ಸಸಿ ಕಪ್ ಕೈಗೆ ಕೊಟ್ಟು "ಗೋಡೆಗೆ ಎಸಿ" ಅಂದೆ. ಬೀಸಿ ಎಸೆದ. ಒಡೆಯಲಿಲ್ಲ. ಇದೇ ಪುಣ್ಯಾತ್ಮ ಎರಡು ವರ್ಷದ ಹಿಂದೆ, "ಪಿಎಲ್‌ಎಗೆ ತೆಂಗಿನ ನಾರು, ಮೇಲೆ ಎಣ್ಣೆ ಬೇರೆ. ಏನ್ ಚಿತ್ರಾನ್ನ ಮಾಡ್ತಿದ್ದೀಯೋ?" ಅಂತ ನಕ್ಕಿದ್ದ. ಪಿಎಲ್‌ಎ ಅಂದರೆ ಮೆಕ್ಕೆಜೋಳ, ಕಬ್ಬಿನಂಥ ಬೆಳೆಯಿಂದ ಮಾಡುವ ಪ್ಲಾಸ್ಟಿಕ್.

2022ರ ಜುಲೈ 1ಕ್ಕೆ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಸಾಮಾನಿಗೆ ನಿಷೇಧ ಬಂದ ಮೇಲೆ ನನ್ನ ಪ್ಲಾಸ್ಟಿಕ್ ಚಮಚದ ಆರ್ಡರ್ ನಿಂತುಹೋಯಿತು. ಮೆಷಿನ್ ಸುಮ್ನೆ ಕೂತಿತ್ತು. ನರ್ಸರಿ ಕಪ್ ಮಾಡೋಣ ಅಂತ ಹೊರಟೆ. ಆಗ ಪಿಎಲ್‌ಎ ಕೆಜಿಗೆ 280 ರೂಪಾಯಿ ಮೇಲಿತ್ತು, ತಿಪಟೂರಿನ ತೆಂಗಿನ ನಾರು 30ರ ಆಸುಪಾಸು. ನೂರಕ್ಕೆ ಇಪ್ಪತ್ತು ನಾರು ಹಾಕಿದರೆ ಕಾಗದದ ಮೇಲೆ ಲಾಭವೇ ಲಾಭ.

ಮೊದಲ ಲಾಟ್ ಗಂಜಿಯಾಯಿತು. ನಾರು ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ, ಒಳಗೆ ನೂರಕ್ಕೆ ಹತ್ತರಷ್ಟು ನೀರು. ಮಾಲು ಕರಗಿಸುವ ಬಿಸಿ ಕೊಳವೆ, ಅಂದರೆ ಬ್ಯಾರಲ್‌ನಲ್ಲಿ ನೀರು ಪಿಎಲ್‌ಎಯನ್ನು ತಿಂದುಹಾಕಿತು, ತುದಿಯ ನಾಜಲ್‌ನಿಂದ ಮಾಲು ನೀರಿನ ಹಾಗೆ ಸುರಿಯಿತು. ಅರವತ್ತು ಕೆಜಿ ಗುಜರಿಗೆ. ಒಣಗಿಸಿ ಮಾಡಿದ ಎರಡನೇ ಲಾಟ್ ಕೈಯಿಂದ ಜಾರಿದರೆ ಹಪ್ಪಳ.

ಮೆತ್ತಗಾಗಲಿ ಅಂತ ಹರಳೆಣ್ಣೆ ಹಾಕಿದೆ. ವಾರ ಚೆನ್ನಾಗಿತ್ತು. ಆಮೇಲೆ ಕಪ್ ಇಟ್ಟ ಪೇಪರ್, ಬೋಂಡಾ ಕಟ್ಟಿದ ಪೇಪರ್ ಹಾಗೆ ಆಯಿತು. ಹಸಿ ಎಣ್ಣೆ ಪಿಎಲ್‌ಎ ಜೊತೆ ಸಂಸಾರ ಮಾಡುವುದಿಲ್ಲ. ಹೊಂಗೆ ಎಣ್ಣೆಯೂ ಅದೇ ಕಥೆ, ಜೊತೆಗೆ ವಾಸನೆ.

ಹೊಂಗೆಯನ್ನೇ ಎಪಾಕ್ಸಿ ಮಾಡೋಣ, ಅಂದರೆ ಎಣ್ಣೆಗೆ ಆಮ್ಲಜನಕ ಕೂಡಿಸಿ ಪಿಎಲ್‌ಎ ಜೊತೆ ಹೊಂದುವ ಹಾಗೆ ಮಾಡೋಣ ಅಂತ ಪೆರಾಕ್ಸೈಡ್, ಅಸಿಟಿಕ್ ಆಸಿಡ್ ಇಟ್ಟುಕೊಂಡು ಒಂದು ಭಾನುವಾರ ಕೂತೆ. ಪೆರಾಕ್ಸೈಡ್ ಸ್ವಲ್ಪ ಜಾಸ್ತಿ ಸುರಿದೆ. ಪಾತ್ರೆ ಹಾಲಿನ ಹಾಗೆ ಉಕ್ಕಿ ಶೆಡ್ಡಿನ ನೆಲವೆಲ್ಲ ನೊರೆ. ಕಣ್ಣು ಉಳಿದದ್ದೇ ಪುಣ್ಯ. ಆ ಹುಚ್ಚಾಟ ಅಲ್ಲಿಗೆ ಬಿಟ್ಟೆ.

ಕೊನೆಗೆ ಸಿಕ್ಕಿದ್ದು ಪಕ್ಕದ ಬೀದಿಯಲ್ಲೇ. ಮೆತ್ತನೆ ಪಿವಿಸಿ ಪೈಪ್ ಮಾಡುವವರ ಹತ್ತಿರ ಎಪಾಕ್ಸಿ ಮಾಡಿದ ಸೋಯಾ ಎಣ್ಣೆ ಡ್ರಮ್‌ಗಟ್ಟಲೆ ಇರುತ್ತದೆ ಅಲ್ವಾ, ಅದು. ಮೆಷಿನ್‌ಗೆ ಮಾಲು ಹಾಕುವ ಬಾಯಿ, ಹಾಪರ್‌ಗೆ ಸುರಿದೆ. ಮಾಲು ತಳ್ಳುವ ಸ್ಕ್ರೂ ಸುಮ್ನೆ ತಿರುಗಿತು, ಮಾಲು ಮುಂದೆ ಹೋಗಲಿಲ್ಲ. ನಾರಿಗೆ ಕಲಸಿ ಹಾಕಿದೆ. ಆಗ ನಾರು ಬದನೆಕಾಯಿ ಹಾಗೆ ಅಷ್ಟೂ ಎಣ್ಣೆ ಕುಡಿದುಬಿಟ್ಟಿತು, ಪ್ಲಾಸ್ಟಿಕ್‌ಗೆ ಏನೂ ಉಳಿಯಲಿಲ್ಲ. ಮತ್ತೆ ಹಪ್ಪಳ! ಇಲ್ಲೇ ನಾಲ್ಕು ತಿಂಗಳು ಒದ್ದಾಡಿದೆ. ಜಾಬ್ ವರ್ಕ್ ಬಾಡಿಗೆ, ಮಾಲು, ಹಾಳಾದ ಅಚ್ಚು ಎಲ್ಲ ಸೇರಿ ಮೂರು ಲಕ್ಷ ಹೋಯಿತು.

ಕುಡಿಯುವ ನಾರಿಗೆ ಮೊದಲೇ ಹೊಟ್ಟೆ ತುಂಬಿಸಬೇಕು, ವಿಷಯ ಇಷ್ಟೇ. ಕತ್ತರಿಸಿದ ನಾರನ್ನು ನೂರಕ್ಕೆ ಐದರ ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸುತ್ತೇನೆ. ಜಾರು ಹೋಗುವವರೆಗೆ ತೊಳೆದು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸುತ್ತೇನೆ. ಬಿಸಿ ಇರುವಾಗಲೇ ಕಾಲು ಪಾಲು ಎಣ್ಣೆ ಕುಡಿಸಿ ಮುಚ್ಚಿಡುತ್ತೇನೆ. ಉಳಿದದ್ದು ಸಣ್ಣ ಪಂಪಿನಿಂದ ಬ್ಯಾರಲ್‌ನ ನಡುವಿಗೆ. ಒಟ್ಟು ಎಣ್ಣೆ ಪಿಎಲ್‌ಎಯ ನೂರಕ್ಕೆ ಎಂಟು. ಹತ್ತು ದಾಟಿಸಿದರೆ ನನ್ನ ಕಪ್ ಬೆವರುತ್ತದೆ. ಬಿಸಿ 190 ಡಿಗ್ರಿ ದಾಟಬಾರದು, ದಾಟಿದರೆ ಶೆಡ್ ತುಂಬ ಸುಟ್ಟ ಕರಟದ ವಾಸನೆ. ನಾರು ಎಷ್ಟು ಹೊತ್ತು ಮುಚ್ಚಿಡಬೇಕು, ಜೊತೆಗೆ ಹಾಕುವ ಚಿಟಿಕೆ ಪುಡಿ ಯಾವುದು ಅಂತ ಮಾತ್ರ ಕೇಳಬೇಡಿ. ಮೂರು ಲಕ್ಷ ಕೊಟ್ಟು ಕಲಿತದ್ದು.

ತಕರಾರು ಇಲ್ಲ ಅಂತಲ್ಲ. ಪಿಎಲ್‌ಎ ಮೊದಲೇ 60 ಡಿಗ್ರಿ ಹತ್ತಿರ ಮೆತ್ತಗಾಗುವ ಸಾಮಾನು, ಎಣ್ಣೆ ಬಿದ್ದರೆ ಇನ್ನೂ ಬೇಗ. ಏಪ್ರಿಲ್‌ನಲ್ಲಿ ಚಿತ್ರದುರ್ಗಕ್ಕೆ ಹೋದ ಲೋಡ್ ಮಧ್ಯಾಹ್ನವೆಲ್ಲ ಬಿಸಿಲಲ್ಲಿ ನಿಂತಿತ್ತು. ಒಂದರೊಳಗೊಂದು ಕೂರಿಸಿದ್ದ ಕಪ್‌ಗಳು ಅಂಟಿಕೊಂಡು ಬಾಳೆದಿಂಡಿನ ಹಾಗೆ ಇಳಿದವು. ಈಗ ರಾತ್ರಿಯೇ ಕಳಿಸುತ್ತೇನೆ. ಹಿತ್ತಲ ತಿಪ್ಪೆಯಲ್ಲಿ ಹೂತ ಕಪ್ ಎಂಟು ತಿಂಗಳಾದರೂ ಕೊಳೆಯದೆ ಹಾಗೇ ಇದೆ. ಅಂಚಿನ ನಾರು ಮಾತ್ರ ಕಪ್ಪಗಾಗಿದೆ. ಬಿಸಿ ಹಿಡಿದಿಡುವ ದೊಡ್ಡ ಕಾಂಪೋಸ್ಟ್ ಗುಡ್ಡೆ ಬೇಕು ಅಂತ ಗಿರಾಕಿಗೆ ಮೊದಲೇ ಹೇಳಿಬಿಡುತ್ತೇನೆ.

ಗೆಳೆಯ ಸ್ಯಾಂಪಲ್ ಅಂತ ಎರಡು ಕಪ್ ಬ್ಯಾಗಿಗೆ ಹಾಕಿಕೊಂಡು ಹೋಗಿದ್ದಾನೆ. ಬೆಂಕಿಕಡ್ಡಿ ಹಚ್ಚಿ ವಾಸನೆ ನೋಡುತ್ತಾನೆ, ಗೊತ್ತು. ನೋಡಲಿ. ಕರಟದ ವಾಸನೆ ಬರುತ್ತದೆ, ಪುಡಿಯದ್ದು ಬರುವುದಿಲ್ಲ.