ಕಿಸೆರು (ಜಪಾನಿ ಚಿಲುಮೆ) ಸೇದದವರೂ ಕಲಿಯಬೇಕಾದ ಮಾತುಗಳು

ಟೋಕಿಯೊಗೆ ಬಂದಿಳಿದ ಕನ್ನಡಿಗರಿಗೆ ನಾನು ಮೊದಲು ಕಲಿಸುವ ಪದಗಳಲ್ಲಿ ‘ಕಿನ್‌ಎನ್’ ಒಂದು. ಧೂಮಪಾನ ನಿಷೇಧಕ್ಕೂ ಸೇದುವ ಚಟ ಬಿಡುವುದಕ್ಕೂ ಅದೇ ಪದ. ಹೋಟೆಲಿನಲ್ಲಿ ಕೊಠಡಿ ಕಾದಿರಿಸುವಾಗ ಕಿನ್‌ಎನ್ ಕೋಣೆಯನ್ನೇ ಕೇಳಿ. ‘ಕಿತ್ಸುಎನ್’ ಎಂದರೆ ಸೇದುವವರ ಕೋಣೆ. ಅಲ್ಲಿ ಪರದೆಗೂ ಹೊಗೆಯ ವಾಸನೆ ಹಿಡಿದಿರುತ್ತದೆ, ಮಕ್ಕಳಿದ್ದರೆ ಬೇಡವೇ ಬೇಡ.

ಸೇದುವವರಿಗೆ ಎರಡು ಮಾತು. ಇಲ್ಲಿ ಪ್ರಾಪ್ತ ವಯಸ್ಸು 2022ರಿಂದ 18 ಆದರೂ ತಂಬಾಕಿಗೆ 20 ತುಂಬಿರಲೇಬೇಕು. ಬೀದಿಯಲ್ಲಿ ನಡೆಯುತ್ತಾ ಸೇದುವುದಕ್ಕೆ ‘ಅರುಕಿ ತಬಾಕೊ’ ಎನ್ನುತ್ತಾರೆ. ಚಿಯೊದಾ ವಾರ್ಡಿನಲ್ಲಿ 2002ರಿಂದಲೇ ಅದಕ್ಕೆ ದಂಡವಿದೆ. ಮನೆಯವರಿಗೆ ಹೆದರಿ ಬಾಲ್ಕನಿಗೆ ಹೋಗಿ ಸೇದುವವರಿಗೆ ‘ಹೊತಾರು ಝೊಕು’, ಅಂದರೆ ಮಿಂಚುಹುಳುಗಳ ಕುಲ ಎಂಬ ಹೆಸರಿದೆ. ಹೆಸರು ಚೆಂದ, ಆದರೆ ಪಕ್ಕದ ಮನೆಯವರು ಒಣಹಾಕಿದ ಬಟ್ಟೆಗೆ ಹೊಗೆ ತಾಗಿದರೆ ದೂರು ಖಂಡಿತ. ಬಿಸಿ ಮಾಡಿ ಸೇದುವ ಹೊಸ ಬಗೆಯ ಸಾಧನವನ್ನು ಊರಿಗೆ ಕೊಂಡೊಯ್ಯಬೇಡಿ. ಭಾರತದ 2019ರ ಇ-ಸಿಗರೇಟ್ ನಿಷೇಧ ಅದಕ್ಕೂ ಅನ್ವಯಿಸುತ್ತದೆ.

ಇನ್ನು ನನಗೆ ಅಚ್ಚುಮೆಚ್ಚಾದ ‘ಕಿಸೆರು’. ನಮ್ಮ ಚಿಲುಮೆಗಿಂತ ಬಹಳ ಸಪೂರವಾದ, ಉದ್ದನೆಯ ಕೊಳವೆ ಇದು. ತುದಿಯ ಲೋಹದ ಭಾಗ ‘ಗನ್‌ಕುಬಿ’, ಅಂದರೆ ಕಾಡು ಹೆಬ್ಬಾತಿನ ಕೊರಳು; ಬಾಗಿದ ಅದರ ಆಕಾರ ನೋಡಿದರೆ ಹೆಸರು ತಾನಾಗಿ ನೆನಪಿರುತ್ತದೆ. ಅದರ ಮೇಲಿನ ಪುಟ್ಟ ಬಟ್ಟಲು ‘ಹಿಝರಾ’, ಬೆಂಕಿಯ ತಟ್ಟೆ. ಬಾಯಿಗಿಡುವ ಲೋಹದ ತುದಿ ‘ಸುಇಕುಚಿ’. ನಡುವಿನ ಬಿದಿರು ‘ರಾಓ’. ನಮ್ಮ ಕಿವಿಗೆ ರಾವ್ ಎಂದೇ ಕೇಳಿಸುತ್ತದೆ. ಲಾವೋಸಿನ ಬಿದಿರಿನಿಂದ ಆ ಹೆಸರು ಬಂತೆನ್ನುತ್ತಾರೆ. ಹೊಗೆಯ ಜಿಡ್ಡು ಕಟ್ಟಿಕೊಂಡ ಬಿದಿರನ್ನು ಬದಲಿಸಿಕೊಡಲು ‘ರಾಓಯಾ’ ಎಂಬ ಕುಶಲಕರ್ಮಿಗಳು ಬೀದಿ ಬೀದಿ ತಿರುಗುತ್ತಿದ್ದರು, ನಮ್ಮಲ್ಲಿ ಪಾತ್ರೆಗೆ ಕಲಾಯಿ ಹಾಕುವವರು ಬರುತ್ತಿದ್ದ ಹಾಗೆ. ಕೂದಲೆಳೆಯಂತೆ ಹೆಚ್ಚಿದ ಹೊಗೆಸೊಪ್ಪು ‘ಕಿಝಾಮಿ’. ಬಟಾಣಿಯಷ್ಟು ಉಂಡೆ ಮಾಡಿ ಬಟ್ಟಲಿಗಿಟ್ಟರೆ ಎರಡು ಮೂರು ದಮ್ಮಿಗೇ ಮುಗಿಯುತ್ತದೆ. ಇವನ್ನೆಲ್ಲ ಕಣ್ಣಾರೆ ನೋಡಬೇಕೆಂದರೆ ಸುಮಿದಾ ವಾರ್ಡಿನ ತಂಬಾಕು ಮತ್ತು ಉಪ್ಪಿನ ವಸ್ತುಸಂಗ್ರಹಾಲಯಕ್ಕೆ ಹೋಗಿ.

ಸೇದದವರಿಗೆ ಇದೆಲ್ಲ ಏಕೆ ಎನ್ನಬೇಡಿ. ರೈಲಿನಲ್ಲಿ ‘ಕಿಸೆರು ಜೋಶಾ’ ಎಂಬ ಮಾತು ಕೇಳುತ್ತೀರಿ. ಕಿಸೆರುವಿನ ಎರಡು ತುದಿಗಳಲ್ಲಷ್ಟೇ ಲೋಹ, ನಡುವೆ ಟೊಳ್ಳು ಬಿದಿರು. ಹಾಗೆಯೇ ಹತ್ತುವ ಕಡೆ, ಇಳಿಯುವ ಕಡೆಗಷ್ಟೇ ಹಣ ಕೊಟ್ಟು ನಡುವಿನ ದೂರಕ್ಕೆ ಟಿಕೆಟ್ ಇಲ್ಲದೆ ಸಾಗುವ ವಂಚನೆಗೆ ಆ ಹೆಸರು. ಸಿಕ್ಕಿಬಿದ್ದರೆ ಪ್ರಯಾಣದರದ ಜೊತೆಗೆ ಅದರ ಎರಡು ಪಟ್ಟಿನವರೆಗೆ ದಂಡ ಕಟ್ಟಬೇಕು.

ಕ್ರಿಯಾಪದವನ್ನೂ ಕಲಿಯಿರಿ: ‘ತಬಾಕೊ ಓ ಸುಉ’. ಪೋರ್ಚುಗೀಸ್ ಮೂಲದ ‘ತಬಾಕೊ’ ನಮ್ಮ ತಂಬಾಕಿನ ನೆಂಟ. ನಾವು ಬಾವಿಯ ನೀರನ್ನೂ ಬೀಡಿಯನ್ನೂ ‘ಸೇದುವ’ ಹಾಗೆ ಅವರು ಉಸಿರನ್ನೂ ತಂಬಾಕನ್ನೂ ‘ಸುಉ’ ಮಾಡುತ್ತಾರೆ. ಹಳೆಯ ತಲೆಮಾರಿನವರ ಬಾಯಲ್ಲಿ ‘ನೊಮು’ ಎಂದೂ ಬರುತ್ತದೆ. ಅದರ ಅರ್ಥ ಕುಡಿ.

ಕೆಲಸದ ನಡುವೆ ಹಿರಿಯ ಸಹೋದ್ಯೋಗಿ ‘ಇಪ್ಪುಕು ಶಿಮಾಶೋ’ (ಒಂದು ಇಪ್ಪುಕು ಮಾಡೋಣ) ಎಂದರೆ, ನಾನು ಸೇದುವುದಿಲ್ಲ ಎಂದು ಕೈಯಾಡಿಸಬೇಡಿ. ಇಪ್ಪುಕು ಒಂದು ದಮ್ಮೂ ಹೌದು, ಒಂದು ಬಟ್ಟಲು ಚಹಾವೂ ಹೌದು, ಬರಿಯ ವಿಶ್ರಾಂತಿಯೂ ಹೌದು. ‘ಹಾಯ್, ಶಿಮಾಶೋ’ (ಹೌದು, ಮಾಡೋಣ) ಎಂದು ಎದ್ದು ಅವರ ಜೊತೆ ಹೋಗಿ, ಹಸಿರು ಚಹಾ ತೆಗೆದುಕೊಳ್ಳಿ.