ಟಗರಿನ ಮೇವಿಗೆ ಓಮ, ಹುಣಸೆ ಬೀಜದ ಸಿಪ್ಪೆ: ಬೆರೆಸುವ ಕ್ರಮ

ಚಳ್ಳಕೆರೆ, ಜಗಳೂರು ಕಡೆ ಟಗರು ಮರಿ ತಂದು, ಮೆಕ್ಕೆಜೋಳ ತಿನ್ನಿಸಿ ಬಕ್ರೀದ್ ಹೊತ್ತಿಗೆ ಕೊಬ್ಬಿಸುವವರಲ್ಲಿ ಕೆಲವರು ಬೇಗ ತೂಕ ಬರಲೆಂದು ಮೆಕ್ಕೆಜೋಳದ ನುಚ್ಚನ್ನೂ ಮೂಲಿಕೆ ಪುಡಿಯನ್ನೂ ಒಂದೇ ದಿನ ಬಾನಿಗೆ ಸುರಿಯುತ್ತಾರೆ. ಹಾಗೆ ಮಾಡಿ, ಹೊಟ್ಟೆಯುಬ್ಬಿ ಸತ್ತ ಮರಿಯ ಮುಂದೆ ಕುಳಿತವರನ್ನು ನಾನು ಹಲವು ಸಲ ಕಂಡಿದ್ದೇನೆ.

ಮರಿ ತಂದ ವಾರದಲ್ಲೇ ಜಂತಿನ ಔಷಧಿ, ಕರುಳುಬೇನೆಯ ಲಸಿಕೆ ಹಾಕಿಸಿ, ತೂಕ ಬರೆದಿಡಿ.

ಎರಡನೆಯ ಹಂತ ನುಚ್ಚು ತಿನ್ನಿಸುವುದು; ಅದರಲ್ಲಿ ಆತುರ ಸಲ್ಲದು. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿ ಮೇವನ್ನು ಕರಗಿಸುವುದು ಬ್ಯಾಕ್ಟೀರಿಯಾ, ಪ್ರೊಟೊಜೋವಾ, ಶಿಲೀಂಧ್ರಗಳು. ನಾರು ತಿನ್ನುವ ಸೂಕ್ಷ್ಮಜೀವಿಗಳೇ ತುಂಬಿರುವ ಹೊಟ್ಟೆಗೆ ಒಮ್ಮೆಲೇ ಪಿಷ್ಟ ಬಿದ್ದರೆ, ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ ಗಂಟೆಗಳಲ್ಲೇ ಹೆಚ್ಚಿ, 6ರಿಂದ 7ರ ನಡುವೆ ಇರಬೇಕಾದ ಪಿಎಚ್ (ಹುಳಿಯ ಅಳತೆ; ಇಳಿದಷ್ಟೂ ಹುಳಿ ಹೆಚ್ಚು) 5.5ಕ್ಕಿಂತ ಕೆಳಗೆ ಇಳಿಯುತ್ತದೆ, ನಾರು ಕರಗಿಸುವ ಜೀವಿಗಳು ಸಾಯುತ್ತವೆ. ಆದ್ದರಿಂದ ನುಚ್ಚನ್ನು ದಿನಕ್ಕೆ 50 ಗ್ರಾಂನಿಂದ ಆರಂಭಿಸಿ, ಮೂರು ದಿನಕ್ಕೊಮ್ಮೆ 50 ಗ್ರಾಂನಂತೆ ಏರಿಸುತ್ತ 300 ಗ್ರಾಂ ಮುಟ್ಟಿಸಿ, ಅದನ್ನು ಎರಡು ಹೊತ್ತಿಗೆ ಹಂಚಿ. ಪ್ರತಿ ಸಲವೂ ಶೇಂಗಾ ಹೊಟ್ಟನ್ನು ಮೊದಲು ತಿನ್ನಿಸಿ, ನುಚ್ಚನ್ನು ಆಮೇಲೆ ಇಡಿ. ನುಚ್ಚು ದಪ್ಪಗಿರಲಿ, ಹಿಟ್ಟು ಬೇಡವೇ ಬೇಡ.

ಹಿಕ್ಕೆ ಗಟ್ಟಿಯಾಗಿ, ಬಿಡಿಬಿಡಿಯಾಗಿ ಬೀಳತೊಡಗಿದ ಮೇಲೆಯೇ ಮೂಲಿಕೆಯ ಸರದಿ. ಓಮದಲ್ಲಿರುವ ಥೈಮಾಲ್ ಕೆಲವು ಬ್ಯಾಕ್ಟೀರಿಯಾಗಳ ಹೊರಪೊರೆಯನ್ನು ಕೆಡಿಸುತ್ತದೆ. ಹುಣಸೆ ಬೀಜದ ಸಿಪ್ಪೆಯ ಒಗರಿನ ಅಂಶವಾದ ಟ್ಯಾನಿನ್ ಹಿಂಡಿಯ ಪ್ರೋಟೀನಿಗೆ ಅಂಟಿಕೊಂಡು, ಅದು ದೊಡ್ಡ ಹೊಟ್ಟೆಯಲ್ಲೇ ಒಡೆದುಹೋಗದಂತೆ ಮುಂದಕ್ಕೆ ದಾಟಿಸುತ್ತದೆ. ಬೆಂಗಳೂರಿನ ರಾಷ್ಟ್ರೀಯ ಪ್ರಾಣಿ ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ದನ, ಎಮ್ಮೆಗಳ ಮಿಥೇನ್ ಅನಿಲ ತಗ್ಗಿಸಲು ರೂಪಿಸಿದ ‘ಹರಿತ ಧಾರಾ’ ಎಂಬ ಮೇವಿನ ಪೂರಕಕ್ಕೂ ಟ್ಯಾನಿನ್ ಇರುವ ಸಸ್ಯಮೂಲಗಳೇ ಆಧಾರ. ಆದರೆ ಒಣ ಮೇವಿನಲ್ಲಿ ಟ್ಯಾನಿನ್ ಶೇ 5 ದಾಟಿದರೆ ಮರಿ ಮೇವನ್ನೇ ಬಿಡುತ್ತದೆ. 20 ಕಿಲೋ ತೂಗುವ ಮರಿ ದಿನಕ್ಕೆ ಸುಮಾರು 700 ಗ್ರಾಂ ಒಣ ಮೇವು ತಿನ್ನುತ್ತದೆ ಎಂದಿಟ್ಟುಕೊಂಡರೆ, ಸಿಪ್ಪೆಯ ಪುಡಿ 20 ಗ್ರಾಂ ಮೀರಬಾರದು; ಅದಷ್ಟೂ ಟ್ಯಾನಿನ್ನೇ ಆಗಿದ್ದರೂ ಶೇ 3ರೊಳಗೇ ಉಳಿಯುತ್ತದೆ. ಓಮಕ್ಕೆ ನಾನು ಹಾಕಿಕೊಂಡ ಮಿತಿ 2 ಗ್ರಾಂ. ಎರಡನ್ನೂ ತೂಗಿಯೇ ಹಾಕಬೇಕು. ಒಬ್ಬರ ಹಿಡಿ ಇನ್ನೊಬ್ಬರ ಹಿಡಿಯಂತಿರುವುದಿಲ್ಲ. ಮೊದಲ ವಾರ ಅರ್ಧ ಪ್ರಮಾಣ ಸಾಕು.

ಪುಡಿಯನ್ನು ನೀರಿಗೆ ಕದಡುವ ಸುಲಭದ ದಾರಿ ಬೇಡ. ಓಮದ ಎಣ್ಣೆ ಮೇಲೆ ತೇಲಿ, ಮೊದಲು ಬಾಯಿಟ್ಟ ಮರಿಗೆ ಹೆಚ್ಚು ಹೋಗುತ್ತದೆ. ಒಂದು ಹಿಡಿ ಬೂಸಾದಲ್ಲಿ ಕಲಸಿಕೊಂಡು, ಆಮೇಲೆ ಉಳಿದ ಮೇವಿಗೆ ಬೆರೆಸಿ. ಸಂತೆಯಲ್ಲಿ ಮಾರುವ, ಒಳಗೇನಿದೆ ಎಂದು ಬರೆಯದ ‘ಹರ್ಬಲ್’ ಪೊಟ್ಟಣಗಳನ್ನು ದಯವಿಟ್ಟು ಕೊಳ್ಳಬೇಡಿ.

ಹಿಕ್ಕೆ ತೆಳುವಾದರೆ, ಮರಿ ಮೆಲುಕು ನಿಲ್ಲಿಸಿದರೆ, ನುಚ್ಚನ್ನೂ ಪುಡಿಯನ್ನೂ ಅಂದೇ ನಿಲ್ಲಿಸಿ, ಬರೀ ಹೊಟ್ಟು, ನೀರು ಕೊಟ್ಟು ಪಶುವೈದ್ಯರನ್ನು ಕರೆಸಿ. ಮರಿ ಚುರುಕಾಗಿದ್ದರೆ ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಮೇವು ಹಾಕುವ ಮುನ್ನ ತೂಗಿ. ಪುಡಿ ಹಾಕದ ಎರಡು ಮರಿಗಳನ್ನೂ ಪಕ್ಕದಲ್ಲೇ ಸಾಕಿ ಜೊತೆಗೆ ತೂಗಿದರೆ ಮಾತ್ರ ಪುಡಿಯ ಫಲ ತಿಳಿಯುತ್ತದೆ.